ಮಳೆಗಾಲದಲ್ಲಿ ಕಾರಿನಲ್ಲಿ ಕರಾವಳಿ: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಮಳೆಗಾಲದ ಕರಾವಳಿಗೆ ಹೊರಡುವವರು ಹೆಚ್ಚಾಗಿ ಎಡವುವುದು ದೂರದ ಲೆಕ್ಕದಲ್ಲಿ. ಪಣಂಬೂರಿನಿಂದ ಗೋಕರ್ಣದವರೆಗೆ ಎಲ್ಲವನ್ನೂ ಒಂದೇ ಪ್ರವಾಸಕ್ಕೆ ತುರುಕುತ್ತಾರೆ. ದಿನವೆಲ್ಲ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ಹಿಂದೆ ಕೆಸರು ನೀರು ಎರಚಿಸಿಕೊಂಡು, ಕಡಲನ್ನು ಓಡುವ ಕಾರಿನ ಕಿಟಕಿಯಲ್ಲೇ ನೋಡಿ ವಾಪಸಾಗುತ್ತಾರೆ. ಬೇಸಿಗೆಯಲ್ಲಿ ಒಂದು ಗಂಟೆಯ ದಾರಿಗೆ ಜುಲೈನಲ್ಲಿ ಎರಡು ಗಂಟೆ ಹಿಡಿಯಬಹುದು. ಅದಕ್ಕೇ ನಮ್ಮ ಸಲಹೆ ಇಷ್ಟು: ಮೂರು ದಿನ ಕೈಯಲ್ಲಿಟ್ಟುಕೊಳ್ಳಿ, ಉಡುಪಿಯಲ್ಲಿ ಎರಡು ರಾತ್ರಿ ಉಳಿಯಿರಿ, ನಡುವಿನ ದಿನವನ್ನು ಪೂರ್ತಿ ಕಡಲಿಗೆ ಕೊಡಿ, ಆ ದಿನ 70 ಕಿ.ಮೀ. ಆಸುಪಾಸಿನಲ್ಲೇ ಸುತ್ತಾಟ ಮುಗಿಸಿ. ಮಳೆ ಸುರಿಯುವಾಗ ಕಾರು ಮನೆಯ ಜಗಲಿಯಿದ್ದಂತೆ, ಒಳಗೆ ಕೂತು ನೋಡಿ. ಹೊಳವಾದ ಕೂಡಲೇ ಇಳಿದು ನಡೆಯಿರಿ. ಇಡೀ ಯೋಜನೆ ನಿಂತಿರುವುದು ಇದರ ಮೇಲೆ.

ಯಾವಾಗ ಹೋಗಬೇಕು

ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ನಮ್ಮ ಕರಾವಳಿಗೆ ಅದಾದ ಕೆಲವೇ ದಿನಗಳಲ್ಲಿ ಬರುತ್ತದೆ. ಆರಿದ್ರಾದಿಂದ ಪುಷ್ಯದವರೆಗಿನ ಮಳೆ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ, ಬಿಡುವಿಲ್ಲದೆ ಸುರಿಯುವ ಕಾಲ. ಕಡಲಿನ ಅಬ್ಬರವನ್ನೇ ನೋಡಬೇಕೆಂದರೆ ಜುಲೈ ಸರಿ, ಆದರೆ ಹೊರಡುವ ಹಿಂದಿನ ರಾತ್ರಿ ಪ್ರವಾಸ ರದ್ದು ಮಾಡುವ ಮನಸ್ಸೂ ಇರಬೇಕು. ಹಣ ಮರಳಿ ಸಿಗುವಂಥ ಕೋಣೆಯನ್ನಷ್ಟೇ ಕಾದಿರಿಸಿ. ಮೊದಲ ಬಾರಿ ಹೋಗುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಆಗಸ್ಟ್ ಮೂರನೇ ವಾರದಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲವೇ ಉತ್ತಮ. ಹಸಿರು ಅಷ್ಟೇ ಇರುತ್ತದೆ, ಮಳೆಗೆ ನಡುನಡುವೆ ಬಿಡುವು ಇರುತ್ತದೆ, ಘಟ್ಟದ ಮಣ್ಣು ಕುಸಿಯುವ ಭಯವೂ ಕೊಂಚ ಇಳಿದಿರುತ್ತದೆ.

ಹೊರಡುವ ಮೂರು ದಿನ ಮೊದಲು ನೋಡಬೇಕಾದ್ದು

ಮೊದಲನೆಯದು ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 204.4 ಮಿ.ಮೀ.ವರೆಗೆ ಅತಿ ಭಾರೀ, ಅದಕ್ಕೂ ಮೇಲಾದರೆ ಅತ್ಯಂತ ಭಾರೀ. ಯೆಲ್ಲೋ ಅಲರ್ಟ್ ಇದ್ದರೆ ಹೊರಡಬಹುದು. ಕರಾವಳಿಗೆ ಜುಲೈನಲ್ಲಿ ಅದು ದಿನನಿತ್ಯದ ಮಾತು. ಆರೆಂಜ್ ಇದ್ದರೆ ಉಡುಪಿ ತಲುಪಿದವರು ಊರೊಳಗೇ ಇರಿ, ಬೆಂಗಳೂರಿನಲ್ಲಿ ಇರುವವರು ಒಂದು ದಿನ ಮುಂದೂಡಿ. ರೆಡ್ ಇದ್ದರೆ ರದ್ದು ಮಾಡಿ. ಉಡುಪಿ, ದಕ್ಷಿಣ ಕನ್ನಡದ ಜೊತೆಗೆ ಹಾಸನ, ಚಿಕ್ಕಮಗಳೂರು, ಕೊಡಗಿನ ಎಚ್ಚರಿಕೆಯನ್ನೂ ನೋಡಿ, ಏಕೆಂದರೆ ರಸ್ತೆ ಮುಚ್ಚಿಸುವುದು ಘಟ್ಟದ ಮೇಲೆ ಬಿದ್ದ ಮಳೆ.

ಇದಕ್ಕಿಂತ ಸುಲಭದ ಸೂಚನೆಯೂ ಒಂದಿದೆ. ಮಳೆ ವಿಪರೀತವಾದಾಗ ಜಿಲ್ಲಾಧಿಕಾರಿಗಳು ಹಿಂದಿನ ಸಂಜೆಯೋ ಅದೇ ಬೆಳಿಗ್ಗೆಯೋ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ರಜೆ ಕೊಟ್ಟ ತಾಲ್ಲೂಕಿನ ಮೂಲಕ ಆ ದಿನ ಘಟ್ಟ ಇಳಿಯಬೇಡಿ.

ಎರಡನೆಯದು ಉಬ್ಬರ-ಇಳಿತದ ವೇಳೆ. ಬೆಂಗಳೂರಿನವರು ಇದನ್ನು ನೋಡುವುದೇ ಇಲ್ಲ, ಆದರೆ ದಿನದ ಯೋಜನೆಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ ಅಂತರ, ಹಾಗಾಗಿ ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಎತ್ತರ. ಮಂಗಳೂರು ಕಡೆ ಏರಿಳಿತ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಕೇಳಲು ಇದು ಚಿಕ್ಕದು, ಆದರೆ ಮಳೆಗಾಲದ ಗಾಳಿ ಎಬ್ಬಿಸಿದ ಅಲೆ ಅದರ ಮೇಲೆ ಸವಾರಿ ಮಾಡಿದಾಗ ನೀರು ತಡೆಗೋಡೆ ಹಾರಿ ರಸ್ತೆಗೆ ಬರುತ್ತದೆ. ಜೊತೆಗೆ, ಉಬ್ಬರದ ಹೊತ್ತಿನಲ್ಲಿ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ಕಡಲು ಎತ್ತರದಲ್ಲಿರುವುದರಿಂದ ಹೊಳೆಯ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ನಿಲ್ಲುತ್ತದೆ. ಜೋರು ಮಳೆ, ಉಬ್ಬರ ಎರಡೂ ಒಟ್ಟಾದ ಎರಡು ಮೂರು ಗಂಟೆಗಳಲ್ಲೇ ತಗ್ಗಿನ ರಸ್ತೆಗಳು ಮುಳುಗುವುದು ಇದೇ ಕಾರಣಕ್ಕೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ, ಅದನ್ನೂ ನೋಡಿಕೊಳ್ಳಿ.

ಕಾರಿನ ತಯಾರಿ

ಟೈರಿನಿಂದ ಶುರು ಮಾಡಿ. ಕಾನೂನಿನ ಪ್ರಕಾರ ಟೈರಿನ ಗೀರು 1.6 ಮಿ.ಮೀ. ಆಳ ಇದ್ದರೂ ಸಾಕು, ಮಳೆಗೆ ಅದು ಸಾಲದು. 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಗೀರುಗಳಿಗೆ ನೀರನ್ನು ಹೊರಹಾಕಲು ಆಗದೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಹಗುರವಾದಂತೆ ಅನಿಸುತ್ತದೆ. ಗಾಳಿಯನ್ನು ಚಾಲಕನ ಬಾಗಿಲ ಬಳಿ ಬರೆದಿರುವಷ್ಟೇ, ಟೈರು ತಣ್ಣಗಿರುವಾಗ ತುಂಬಿಸಿ. ಮಳೆಗೆಂದು ಗಾಳಿ ಕಡಿಮೆ ಮಾಡುವ ಅಭ್ಯಾಸ ಕೆಲವರಿಗಿದೆ, ಅದು ತಪ್ಪು: ಗಾಳಿ ಇಳಿದ ಟೈರು ಇನ್ನೂ ಬೇಗ ತೇಲುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ.

ವೈಪರ್ ರಬ್ಬರು ಬೆಂಗಳೂರಿನ ಬಿಸಿಲಿಗೆ ಗಟ್ಟಿಯಾಗಿರುತ್ತದೆ. ನೀರು ಹಾಕಿ ಓಡಿಸಿದಾಗ ಗೆರೆ ಉಳಿದರೆ, ಕಿರ್ ಎಂದರೆ ಬದಲಿಸಿ. ಬದಲಿಸುವ ಮುನ್ನ ಗಾಜಿನ ಮೇಲಿನ ಎಣ್ಣೆ ಪದರವನ್ನು ಶಾಂಪೂ ಹಾಕಿ ತೊಳೆಯಿರಿ, ಇಲ್ಲದಿದ್ದರೆ ಹೊಸ ವೈಪರ್ ಕೂಡ ರಾತ್ರಿ ಎದುರು ಬರುವ ಬೆಳಕನ್ನು ಗಾಜಿನ ತುಂಬ ಹರಡುತ್ತದೆ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ವೈಪರ್, ಹೆಡ್‌ಲೈಟ್, ಏಸಿ, ಮೊಬೈಲ್ ಚಾರ್ಜರ್ ಎಲ್ಲವೂ ದಿನವಿಡೀ ಓಡುವಾಗ ದುರ್ಬಲ ಬ್ಯಾಟರಿ ಕೈಕೊಡುತ್ತದೆ.

ಗಾಜಿಗೆ ಮಂಜು ಕೂರುವುದು ಎರಡು ರೀತಿ, ಎರಡಕ್ಕೂ ಮದ್ದು ಬೇರೆ. ಒಳಗಡೆ ಕೂತ ಮಂಜು ನಮ್ಮ ಉಸಿರು, ಒದ್ದೆ ಬಟ್ಟೆಯಿಂದ ಬಂದದ್ದು. ಏಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಬಿಟ್ಟು ಹೊರಗಾಳಿ ಬರುವಂತೆ ಮಾಡಿ. ಹೊರಗಡೆ ಕೂತ ಮಂಜು ಕರಾವಳಿಯ ವಿಶೇಷ: ಏಸಿ ಗಾಜನ್ನು ತುಂಬ ತಣ್ಣಗೆ ಮಾಡಿದಾಗ ಹೊರಗಿನ ಸೆಕೆಗಾಳಿಯ ತೇವ ಅಲ್ಲಿ ಹನಿಗಟ್ಟುತ್ತದೆ. ಆಗ ವೈಪರ್ ಒಮ್ಮೆ ಓಡಿಸಿ, ಏಸಿಯ ತಂಪು ಇಳಿಸಿ. ಬಟ್ಟೆಯಿಂದ ಗಾಜು ಒರೆಸುತ್ತಾ ಓಡಿಸುವುದು ಘಟ್ಟದಲ್ಲಿ ಬಹಳ ಅಪಾಯ.

ಕಾರಿನಲ್ಲಿ ಇರಬೇಕಾದ್ದು: ನಾಲ್ಕು ಹಳೆಯ ಟವಲ್, ಸೀಟಿಗೆ ಹಾಸಲು ಪ್ಲಾಸ್ಟಿಕ್ ಹಾಳೆ, ಕಾಲಡಿಗೆ ಒಂದು ಕಟ್ಟು ಹಳೆ ಪೇಪರ್, ತಲೆಗೆ ಒಂದರಂತೆ ರೇನ್‌ಕೋಟ್, ಟಾರ್ಚ್, ಎಳೆಯುವ ಹಗ್ಗ, ಐದಾರು ಲೀಟರ್ ಕುಡಿಯುವ ನೀರು, ಒಣ ತಿಂಡಿ, ಒಂದು ಜೊತೆ ಬಟ್ಟೆ ಹೆಚ್ಚಿಗೆ. ಕಡಲ ಗಾಳಿಗೆ ಛತ್ರಿ ಕೈಯಲ್ಲಿ ನಿಲ್ಲುವುದಿಲ್ಲ, ಊರೊಳಗಿನ ಓಡಾಟಕ್ಕೆ ಮಾತ್ರ ಇಟ್ಟುಕೊಳ್ಳಿ. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಬೇಕು, ಬಟ್ಟೆ ಶೂ ಒದ್ದೆಯಾದರೆ ಮೂರು ದಿನವೂ ಒಣಗದು. ಎರಡು ಮೂರು ಸಾವಿರ ನಗದು ಇರಲಿ. ಮರ ಬಿದ್ದು ಕರೆಂಟು ಹೋದಾಗ ಮೊಬೈಲ್ ಟವರ್ ಕೂಡ ನಿಲ್ಲುತ್ತದೆ, ಆಗ ಸ್ಕ್ಯಾನ್ ಮಾಡಿ ಹಣ ಕೊಡಲು ಆಗದು. ನಕ್ಷೆಯನ್ನೂ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಎಲೆಕ್ಟ್ರಿಕ್ ಕಾರಿನವರು ಘಟ್ಟದ ಮೇಲೆ ಹಾಸನದಲ್ಲೇ ಚಾರ್ಜ್ ತುಂಬಿಸಿಕೊಂಡರೆ ನೆಮ್ಮದಿ.

ಘಟ್ಟ ಇಳಿಯುವುದು

ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಮೂಲಕ ಮಂಗಳೂರಿಗೆ ಸುಮಾರು 350 ಕಿ.ಮೀ. ಅಲ್ಲಿಂದ ಉಡುಪಿಗೆ ಇನ್ನೊಂದು 55-60 ಕಿ.ಮೀ. ಬೆಳಿಗ್ಗೆ ಐದರೊಳಗೆ ಹೊರಟರೆ ನೆಲಮಂಗಲದ ದಟ್ಟಣೆಗೆ ಮುನ್ನವೇ ದಾಟುತ್ತೀರಿ. ಹಾಸನದಲ್ಲಿ ತಿಂಡಿ ತಿಂದು, ಟ್ಯಾಂಕ್ ತುಂಬಿಸಿ, ಹತ್ತು ಗಂಟೆಯ ಬೆಳಕಿನಲ್ಲಿ ಘಟ್ಟ ಇಳಿಯಬಹುದು. ರಾತ್ರಿ ಹೊರಟು ಬೆಳಗಿನ ಜಾವ ಘಟ್ಟ ಇಳಿಯುವ ಬೇಸಿಗೆಯ ರೂಢಿಯನ್ನು ಮಳೆಗಾಲದಲ್ಲಿ ಬಿಟ್ಟುಬಿಡಿ. ರಸ್ತೆಗೆ ಬಿದ್ದ ಮರ, ಮಣ್ಣು, ಬಾಯಿಬಿಟ್ಟ ಅಂಚು ಯಾವುದೂ ಕತ್ತಲಲ್ಲಿ ಕಾಣದು.

ಹಾಸನದಲ್ಲಿ ನಿಂತಾಗಲೇ ಶಿರಾಡಿ ತೆರೆದಿದೆಯೇ ವಿಚಾರಿಸಿ. ಪೆಟ್ರೋಲ್ ಬಂಕಿನವರು, ಎದುರಿನಿಂದ ಬಂದ ಲಾರಿ ಚಾಲಕರು ಹೇಳುವ ಸುದ್ದಿ ನಕ್ಷೆಗಿಂತ ಹೊಸದಾಗಿರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಮತ್ತೆ ಮತ್ತೆ ಕುಸಿದು ಈ ರಸ್ತೆ ಬಂದಾಗಿತ್ತು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಜೀವಹಾನಿಯಾಯಿತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಕಡಿದಾಗಿ ಕತ್ತರಿಸಿದ ಕಡೆ ಮಣ್ಣು ನೀರು ಕುಡಿದು ಭಾರವಾಗಿ ಜಾರುತ್ತದೆ. ಅಂಥ ಗೋಡೆಯ ಬುಡದಲ್ಲಿ ಚಹಾಕ್ಕೂ ಫೋಟೋಕ್ಕೂ ನಿಲ್ಲಿಸಬೇಡಿ. ಗುಡ್ಡದಿಂದ ಇಳಿಯುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಚಿಕ್ಕ ಕಲ್ಲು ಉರುಳತೊಡಗಿದರೆ, ಮರ ರಸ್ತೆಯ ಕಡೆ ವಾಲಿದ್ದರೆ ಅಲ್ಲಿಂದ ಬೇಗ ಸರಿದುಹೋಗಿ.

ಬದಲಿ ದಾರಿಗಳಲ್ಲಿ ಚಾರ್ಮಾಡಿ ಘಾಟಿ ಮೊದಲ ಆಯ್ಕೆ: ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಬೆಳ್ತಂಗಡಿ, ಕಾರ್ಕಳದ ಮೂಲಕ ನೇರ ಉಡುಪಿ. ರಸ್ತೆ ಕಿರಿದು, ತಿರುವು ಹೆಚ್ಚು, ಮಂಜು ದಟ್ಟ. 2019ರ ಆಗಸ್ಟ್‌ನಲ್ಲಿ ಕುಸಿತದಿಂದ ಇದೂ ಬಂದಾಗಿತ್ತು, ಹಾಗಾಗಿ ಇದನ್ನೂ ವಿಚಾರಿಸಿಯೇ ಹಿಡಿಯಿರಿ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾರಿ ಇನ್ನೂ ಬಳಸು, ಆದರೆ ಆಗುಂಬೆ ಘಾಟಿಯಲ್ಲಿ ಭಾರೀ ವಾಹನ ಬಿಡದಿರುವುದರಿಂದ ಕಾರಿಗೆ ಹಿತ. ಎರಡು ಘಟ್ಟ ಮುಚ್ಚಿದ ದಿನ ಮೂರನೆಯದನ್ನು ಹುಡುಕಬೇಡಿ. ಎಲ್ಲರ ವಾಹನವೂ ಅಲ್ಲೇ ಸೇರಿರುತ್ತದೆ. ಹಾಸನದಲ್ಲೇ ಉಳಿದು ಬೇಲೂರು, ಹಳೇಬೀಡು ನೋಡಿ ಮರಳಿ.

ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಹೆಚ್ಚಿನ ಕಡೆ ಎರಡನೇ ಗೇರು. ಬ್ರೇಕ್ ಒತ್ತಿಯೇ ಇಟ್ಟರೆ ಬಿಸಿಯಾಗಿ ಹಿಡಿತ ತಪ್ಪುತ್ತದೆ, ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ. ನ್ಯೂಟ್ರಲ್ ಬೇಡವೇ ಬೇಡ. ಆಟೊಮ್ಯಾಟಿಕ್ ಕಾರಿನಲ್ಲಿ ಎಲ್ ಅಥವಾ ಮ್ಯಾನ್ಯುಯಲ್ ಹಾಕಿಕೊಳ್ಳಿ. ಹತ್ತುವ ವಾಹನಕ್ಕೆ ದಾರಿ ಬಿಡಿ. ಮಂಜಿನಲ್ಲಿ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದನ್ನು ದಯವಿಟ್ಟು ಬಿಡಿ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದೇ ಇಲ್ಲ.

ಕಾರು ಓಡಿಸಲು ಧೈರ್ಯ ಸಾಲದವರು ಪಂಚಗಂಗಾ ರೈಲಿನಲ್ಲಿ ಉಡುಪಿಗೋ ಕುಂದಾಪುರಕ್ಕೋ ಬಂದು ಅಲ್ಲಿ ಬಾಡಿಗೆ ಕಾರು ಹಿಡಿಯಬಹುದು. ವಯಸ್ಸಾದವರಿದ್ದರೆ ಇದೇ ಒಳ್ಳೆಯದು. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಕುಸಿತವಾದರೆ ರೈಲೂ ನಿಲ್ಲುತ್ತದೆ.

ಕಡಲ ದಿನ

ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದ ಕಾಪುವಿನಿಂದ ಆರಂಭಿಸಿ. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲಿದೆ. ಮೇಲೆ ಹತ್ತುವುದನ್ನು ಮಳೆಗಾಲದಲ್ಲಿ ನೆಚ್ಚಿಕೊಳ್ಳಬೇಡಿ, ದಡದಲ್ಲಿ ನಿಂತು ಬಂಡೆಗೆ ಅಲೆ ಅಪ್ಪಳಿಸುವುದನ್ನು ನೋಡಿದರೇ ಬಂದದ್ದು ಸಾರ್ಥಕ. ಬೆಳಿಗ್ಗೆ ಏಳಕ್ಕೇ ಹೋದರೆ ಜನ ಕಡಿಮೆ. ಪಾಚಿ ಕಟ್ಟಿದ ಬಂಡೆ ಮತ್ತು ಮುರಕಲ್ಲಿನ ಮೆಟ್ಟಿಲು ಸೋಪು ಬಳಿದಷ್ಟು ಜಾರುತ್ತವೆ, ಹತ್ತಲೇಬೇಡಿ.

ಅಲ್ಲಿಂದ ಹೆದ್ದಾರಿ ಬಿಟ್ಟು ಕೈಪುಂಜಾಲು, ಮಟ್ಟು, ಪಡುಕೆರೆ ಮೂಲಕ ಮಲ್ಪೆಗೆ ಹೋಗುವ ಕಡಲ ದಂಡೆಯ ರಸ್ತೆ ಹಿಡಿಯಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ, ನಡುವೆ ತೆಂಗು, ಮನೆಗಳು, ಒಂದೇ ಕಾರಿನಗಲದ ರಸ್ತೆ. ಇಡೀ ಪ್ರವಾಸದಲ್ಲಿ ನಮಗೆ ಹೆಚ್ಚು ಇಷ್ಟವಾದ ಭಾಗ ಇದು. ವೇಗ 20 ಕಿ.ಮೀ. ಸಾಕು. ಇಳಿತದ ಹೊತ್ತಿಗೆ, ಅಥವಾ ಉಬ್ಬರ ಇಳಿಯತೊಡಗಿ ಎರಡು ಗಂಟೆ ಕಳೆದ ಮೇಲೆ ಇಲ್ಲಿರುವಂತೆ ದಿನವನ್ನು ಹೊಂದಿಸಿ. ಅಮಾವಾಸ್ಯೆಯ ಉಬ್ಬರವೂ ಜೋರು ಗಾಳಿಯೂ ಕೂಡಿದ ದಿನ ಈ ರಸ್ತೆ ಬಿಟ್ಟು ಹೆದ್ದಾರಿಯಲ್ಲೇ ಹೋಗಿ. ಕಡಲ್ಕೊರೆತಕ್ಕೆ ರಸ್ತೆಯ ಅಂಚಿನ ಅಡಿಯ ಮರಳು ಜಾರಿ, ಮೇಲೆ ಡಾಂಬರು ಮಾತ್ರ ಉಳಿದಿರಬಹುದು. ಆದ್ದರಿಂದ ಕಡಲ ಬದಿಯ ಅಂಚಿನಲ್ಲಿ ಚಕ್ರ ಇಡಬೇಡಿ.

ಕಾರು ನಿಲ್ಲಿಸುವುದಕ್ಕೂ ಕ್ರಮವಿದೆ. ತೆಂಗಿನ ಮರದ ಕೆಳಗೆ ಬೇಡ: ಗಾಳಿಗೆ ಕಾಯಿ ಬಿದ್ದರೆ ಗಾಜು ಹೋಗುತ್ತದೆ, ಸೋಗೆ ಬಿದ್ದರೂ ಬಾನೆಟ್ಟು ತಗ್ಗಾಗುತ್ತದೆ. ಮರಳಿಗೆ ಇಳಿಸಬೇಡಿ. ಗಟ್ಟಿ ನೆಲದ ಮೇಲೆ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಮರಳಲ್ಲಿ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತುಹೋಗುತ್ತದೆ. ಚಕ್ರದ ಮುಂದಿನ ಮರಳು ತೆಗೆದು, ಕಾಲಡಿಯ ಮ್ಯಾಟನ್ನು ಚಕ್ರದಡಿ ಕೊಟ್ಟು, ಟೈರಿನ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿ, ಎರಡನೇ ಗೇರಿನಲ್ಲಿ ನಿಧಾನ ಎತ್ತಿ. ಹೊರಬಂದ ಮೇಲೆ ಹತ್ತಿರದ ಬಂಕಿನವರೆಗೆ ಮೆಲ್ಲಗೆ ಹೋಗಿ ಗಾಳಿ ತುಂಬಿಸಿ.

ಮಲ್ಪೆ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ನೂರಾರು ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿರುತ್ತವೆ. ಬಲೆ ಹೆಣೆಯುವ ಕೆಲಸ ಆಗ ನಡೆಯುತ್ತಿರುತ್ತದೆ. ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಇಲ್ಲ. ಯಾರಾದರೂ ಖಾಸಗಿಯಾಗಿ ಕರೆದೊಯ್ಯುತ್ತೇನೆಂದರೆ ಒಪ್ಪಬೇಡಿ.

ಮಧ್ಯಾಹ್ನ ಉಡುಪಿಗೆ ಮರಳಿ ಊಟ ಮಾಡಿ, ಒಂದು ಗಂಟೆ ಒಣಗಿ. ನಂತರ ಹೂಡೆ ಮೂಲಕ ಕೋಡಿಬೆಂಗ್ರೆ. ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಅಳಿವೆಯ ಚಾಚು ಇದು. ಕೆಂಪು ಹೊಳೆ ನೀರು ಬೂದು ಕಡಲಿಗೆ ಸೇರುವ ಗೆರೆ ಮಳೆಗಾಲದಲ್ಲಿ ಮಾತ್ರ ಇಷ್ಟು ಸ್ಪಷ್ಟ. ಅಳಿವೆಯ ಸೆಳೆತ ಭಯಂಕರ, ಮೊಣಕಾಲು ನೀರೂ ಬೇಡ. ದಾರಿ ಒಂದೇ, ಬಂದ ದಾರಿಯಲ್ಲೇ ಮರಳಬೇಕು. ಸೂರ್ಯ ಮುಳುಗುವುದು ಜುಲೈನಲ್ಲಿ ಏಳರ ಸುಮಾರಿಗೆ, ಸೆಪ್ಟೆಂಬರಿನಲ್ಲಿ ಇನ್ನೂ ಬೇಗ, ಆರಕ್ಕೇ ಹೊರಟುಬಿಡಿ.

ಮಳೆ ಬಿಡುವುದೇ ಇಲ್ಲವೆಂದಾದರೆ ಉತ್ತರದ ಕಡೆ ಹೋಗಿ. ಬಾರ್ಕೂರಿನ ಕತ್ತಲೆ ಬಸದಿ, ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್, ಸಾಲಿಗ್ರಾಮದ ಗುರುನರಸಿಂಹ, ಆನೆಗುಡ್ಡೆ ವಿನಾಯಕ ದೇವಸ್ಥಾನಗಳು ಹೆದ್ದಾರಿಯ ಆಸುಪಾಸಿನಲ್ಲೇ ಇವೆ, ಮಾಡಿನಡಿ ನಿಂತು ನೋಡಬಹುದು. ಕೊನೆಗೆ ಮರವಂತೆ: ಕಡಲಿಗೂ ಸೌಪರ್ಣಿಕಾ ಹೊಳೆಗೂ ನಡುವೆ ಹೆದ್ದಾರಿ ಓಡುವ ಜಾಗ. ಕಾರಿನೊಳಗಿನಿಂದಲೇ ಎರಡೂ ಕಾಣುತ್ತವೆ. ನಿಲ್ಲಿಸಲು ಬಿಟ್ಟ ಜಾಗದಲ್ಲೇ ನಿಲ್ಲಿಸಿ, ಅಲೆ ತಡೆಯಲು ಹಾಕಿದ ಬಂಡೆಗಲ್ಲುಗಳ ಮೇಲೆ ನಿಲ್ಲಬೇಡಿ. ಉಡುಪಿಯಿಂದ ಹೋಗಿಬರಲು 100 ಕಿ.ಮೀ. ದಾಟುತ್ತದೆ, ಆದ್ದರಿಂದ ಕಾಪು–ಮಲ್ಪೆ ಸುತ್ತು ಮತ್ತು ಮರವಂತೆ ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ. ಹೆದ್ದಾರಿ 66ರಲ್ಲಿ ಮಳೆಯಿರುವಾಗ 60 ಕಿ.ಮೀ. ವೇಗ ಸಾಕು. ಡಿವೈಡರ್ ಪಕ್ಕದ ಲೇನಿನಲ್ಲಿ ನೀರು ನಿಂತಿರುತ್ತದೆ. ಟೈರು ತೇಲಿದಂತೆ ಅನಿಸಿದರೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿಯಿರಿ.

ಕಡಲಿಗೆ ಇಳಿಯುವ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಅಲೆಗಳ ಸಾಲಿನ ನಡುವೆ ಶಾಂತವಾಗಿ, ಕಪ್ಪಗೆ ಕಾಣುವ ಪಟ್ಟಿಯೇ ಅತ್ಯಂತ ಅಪಾಯದ ಜಾಗ. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದಲೇ ವಾಪಸ್ ಹೊರಗೆ ಸೆಳೆಯುತ್ತದೆ. ಮೀನುಗಾರರು ಬೇಡವೆಂದು ಕೂಗಿದರೆ ವಾದಿಸದೆ ಹಿಂದೆ ಬನ್ನಿ. ಯಾರಾದರೂ ಸಿಕ್ಕಿಬಿದ್ದರೆ ಹಿಂದೆಯೇ ಹಾರಬೇಡಿ, ತೇಲುವ ವಸ್ತು ಎಸೆದು 112ಕ್ಕೆ ಕರೆ ಮಾಡಿ.

ರಸ್ತೆಗೆ ನೀರು ಬಂದಾಗ

ನಕ್ಷೆ ತೋರಿಸುವ ಹತ್ತಿರದ ದಾರಿ ಹಲವು ಸಲ ಕಿಂಡಿ ಅಣೆಕಟ್ಟಿನ ಮೇಲೆಯೋ ಮುಳುಗು ಸೇತುವೆಯ ಮೇಲೆಯೋ ಹೋಗುತ್ತದೆ. ಬೇಸಿಗೆಯಲ್ಲಿ ಸರಿ, ಜುಲೈನಲ್ಲಿ ಅದರ ಮೇಲೆ ಹೊಳೆ ಹರಿಯುತ್ತಿರುತ್ತದೆ. ಹರಿಯುವ ನೀರಿಗೆ ಎಂದೂ ಕಾರು ಇಳಿಸಬೇಡಿ, ಒಂದಡಿ ನೀರಿನ ರಭಸಕ್ಕೂ ಚಿಕ್ಕ ಕಾರು ಹಿಡಿತ ಕಳೆದುಕೊಳ್ಳುತ್ತದೆ. ನಿಂತ ನೀರಾದರೆ ಎದುರಿನಿಂದ ನಿಮ್ಮಷ್ಟೇ ಎತ್ತರದ ಕಾರು ದಾಟುವುದನ್ನು ನೋಡಿ. ಚಕ್ರದ ಅರ್ಧಕ್ಕಿಂತ ಮೇಲೆ ಬಂದರೆ ತಿರುಗಿಸಿ. ದಾಟುವುದಾದರೆ ಏಸಿ ಬಂದ್ ಮಾಡಿ, ಮೊದಲ ಗೇರಿನಲ್ಲಿ, ಗೇರ್ ಬದಲಿಸದೆ, ನಿಲ್ಲಿಸದೆ, ಎದುರು ವಾಹನ ಇಲ್ಲದಾಗ ದಾಟಿ. ಆಚೆ ಬಂದ ಮೇಲೆ ಬ್ರೇಕನ್ನು ಮೆಲ್ಲಗೆ ಮೂರು ನಾಲ್ಕು ಸಲ ಒತ್ತಿ ಒಣಗಿಸಿ.

ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಳಿಯ ಕೊಳವೆಯಿಂದ ಸಿಲಿಂಡರಿಗೆ ನೀರು ಹೋಗಿದ್ದರೆ, ನೀರು ಒತ್ತಿದರೂ ಕುಗ್ಗದ ಕಾರಣ ಪಿಸ್ಟನ್ನಿನ ಕಡ್ಡಿ ಬಾಗುತ್ತದೆ. ತಳ್ಳಿ ಹೊರತಂದು ಟೋಯಿಂಗ್ ಕರೆಸಿ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ತೆಗೆದುಕೊಂಡಿರದಿದ್ದರೆ ಈ ಹಾನಿ ಸಾಮಾನ್ಯ ವಿಮೆಯಲ್ಲಿ ಬರುವುದಿಲ್ಲ. ಹೆದ್ದಾರಿಯಲ್ಲಿ ನೆರವಿಗೆ 1033 ಇದೆ.

ಊಟ

ಮಳೆಗಾಲದ ಕರಾವಳಿಗೆ ತನ್ನದೇ ಅಡುಗೆ ಇದೆ: ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ, ತಗಟೆ ಸೊಪ್ಪು, ಹಲಸಿನ ಹಪ್ಪಳ, ಬಿಸಿ ಕುಚ್ಚಲಕ್ಕಿ ಗಂಜಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಇವನ್ನು ಕೇಳಿ ತಿನ್ನಿ. ಸಂಜೆಗೆ ಗೋಳಿಬಜೆ. ನಿಷೇಧದ ಎರಡು ತಿಂಗಳಲ್ಲಿ ತಾಜಾ ಮೀನೆಂದರೆ ನಾಡದೋಣಿಯವರು ಹಿಡಿದದ್ದು, ಹೊಳೆ ಮೀನು, ಮರುವಾಯಿ (ಚಿಪ್ಪುಮೀನು). ದೊಡ್ಡ ಅಂಜಲ್ ಮೀನು ಸಿಕ್ಕರೆ ಅದು ಹೆಚ್ಚಾಗಿ ಐಸಿನದು ಅಥವಾ ಪೂರ್ವ ಕರಾವಳಿಯಿಂದ ಬಂದದ್ದು. ಯಾವುದು ಇವತ್ತಿನದೆಂದು ಕೇಳಿ ಅದನ್ನೇ ತರಿಸಿಕೊಳ್ಳಿ. ಘಟ್ಟ ಹತ್ತುವ ದಿನ ವಾಂತಿಯ ತೊಂದರೆ ಇರುವ ಮಕ್ಕಳಿಗೆ ಇಡ್ಲಿಯಷ್ಟೇ ಕೊಡಿ, ಫೋನ್ ಕೊಡಬೇಡಿ.

ಮರಳಿದ ಮೇಲೆ

ಬೆಂಗಳೂರಿಗೆ ಬಂದ ಎರಡು ದಿನದೊಳಗೆ ಕಾರಿನ ಅಡಿಭಾಗವನ್ನು ಜೋರು ನೀರಿನಿಂದ ತೊಳೆಸಿ. ಉಪ್ಪಿನ ತೇವ ಮಡ್‌ಗಾರ್ಡ್ ಒಳಗೆ, ಸೈಲೆನ್ಸರ್ ಪಟ್ಟಿಗಳಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಮ್ಯಾಟುಗಳನ್ನು ತೆಗೆದು ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಿದ್ದರೆ ಪೇಪರ್ ಒತ್ತಿ ನೀರು ಹೀರಿಸಿ, ಬಾಗಿಲು ತೆರೆದು ಬಿಸಿಲಲ್ಲಿ ಒಣಗಿಸಿ, ಬಿಟ್ಟರೆ ಒಂದೇ ವಾರದಲ್ಲಿ ಬೂಸಲು ವಾಸನೆ ಏಸಿಯ ಗಾಳಿಗೂ ಹತ್ತುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಚಿಕ್ಕ ತೂತುಗಳಿವೆ, ಮರಳು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ಏರ್ ಫಿಲ್ಟರ್ ತೆರೆದು ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ನೀರು ದಾಟಿದ್ದರೆ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ: ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.